ರಾತ್ರಿ ಎರಡಕ್ಕೆ ಬಂದವಳು

ನಮ್ಮೂರು ಕೌಜಲಗಿಯಲ್ಲಿ ಯಾರಿಗೇ ದೊಡ್ಡ ಆಪರೇಷನ್ ಆಗಲಿ, ಮೊದಲು ಕೇಳೋದು ಒಂದೇ: “ಡಾಕ್ಟರ್ ಯಾರು?” ಕಾಕಾನ ಪ್ಯಾಂಕ್ರಿಯಾಸ್‌ನಲ್ಲಿ ಗಡ್ಡೆ ಸಿಕ್ಕಾಗ ನಾನೂ ಬೆಂಗಳೂರಿನಿಂದ ಫೋನ್ ಮಾಡಿ ಅದನ್ನೇ ಕೇಳಿದ್ದೆ. ಬೆಳಗಾವಿಯ ಆಸ್ಪತ್ರೆಯಲ್ಲಿ 14 ದಿನ ಕೂತ ಮೇಲೆ ಆ ಪ್ರಶ್ನೆ ಅರ್ಧ ಅನ್ನಿಸಿತು.

ಆ ಆಪರೇಷನ್ ಹೆಸರು ವಿಪ್ಪಲ್. ಪ್ಯಾಂಕ್ರಿಯಾಸ್‌ನ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ ಎಲ್ಲ ತೆಗೆದು, ಉಳಿದದ್ದನ್ನು ಮತ್ತೆ ಕರುಳಿಗೆ ಜೋಡಿಸುತ್ತಾರೆ. ಜರ್ಮನಿಯ ವಾಲ್ಟರ್ ಕೌಶ್ 1909ರಲ್ಲೇ ಇಂಥದ್ದನ್ನು ಮಾಡಿದ್ದರೂ, ಹೆಸರು ಉಳಿದದ್ದು 1935ರಲ್ಲಿ ಮೂರು ರೋಗಿಗಳ ವರದಿ ಬರೆದ ನ್ಯೂಯಾರ್ಕಿನ ಅಲೆನ್ ವಿಪ್ಪಲ್‌ದು. ಮೊದಲ ರೋಗಿ ಬದುಕಲಿಲ್ಲ. ಹೊಲಿದ ಕ್ಯಾಟ್‌ಗಟ್ ದಾರವನ್ನು ಪ್ಯಾಂಕ್ರಿಯಾಸ್ ರಸವೇ ಜೀರ್ಣಿಸಿಬಿಟ್ಟಿತ್ತು. ಮುಂದೆ ರೇಷ್ಮೆ ದಾರ ಬಂತು. ಕಾಮಾಲೆಯಿದ್ದವರ ರಕ್ತಸ್ರಾವ ತಡೆಯಲು ವಿಟಮಿನ್ ಕೆ ಬಂತು.

ಆದರೂ 1970ರ ದಶಕದಲ್ಲಿ ಎಷ್ಟೋ ಕಡೆ ನೂರಕ್ಕೆ 20ಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಈಗ ಇಂಥವು ಹೆಚ್ಚು ನಡೆಯುವ ಆಸ್ಪತ್ರೆಗಳಲ್ಲಿ ಅದು 5ಕ್ಕಿಂತ ಕಡಿಮೆ. ಹಾಗಂತ ಜೋಡಣೆ ಸೋರೋದು ನಿಂತಿಲ್ಲ. ಸೋರಿದ್ದು ಬೇಗ ಗೊತ್ತಾಗುತ್ತೆ, ಅಷ್ಟೇ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಬಗ್ ಹೋಗಿಲ್ಲ, ಮಾನಿಟರಿಂಗ್ ಸುಧಾರಿಸಿದೆ. ಆ ಮಾನಿಟರಿಂಗ್ ಮಾಡೋರು ನರ್ಸ್‌ಗಳು.

ಡ್ರೇನ್ ಚೀಲದಲ್ಲಿ ಎಷ್ಟು ಎಂಎಲ್, ಬಣ್ಣ ಏನು, ನಾಡಿ, ಜ್ವರ, ಮೂತ್ರ, ಶುಗರ್ ಎಲ್ಲ ಬರೆದಿಡುತ್ತಿದ್ದರು. ಮೂರನೇ ದಿನ ಡ್ರೇನ್ ನೀರಿನ ಅಮೈಲೇಸ್ ಪರೀಕ್ಷೆ. ಒಂದು ಕಾಲಕ್ಕೆ ಆಪರೇಷನ್ ಆದವರನ್ನು ವಾರಗಟ್ಟಲೆ ಮಲಗಿಸುತ್ತಿದ್ದರಂತೆ. ಇಲ್ಲಿ ಮರುದಿನವೇ ಸಿಸ್ಟರ್ ಬಂದು, “ಕಾಕಾರ, ಎದ್ದ್ ನಾಕ್ ಹೆಜ್ಜಿ ಹಾಕ್ರಿ” ಅಂದರು. ಬೇಗ ನಡೆದರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟೋದು, ನ್ಯುಮೋನಿಯಾ ಎರಡರ ಭಯವೂ ಕಡಿಮೆ. ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ಇದನ್ನೆಲ್ಲ ಒಂದು ಪದ್ಧತಿಯಾಗಿ ಕಟ್ಟಿದರು.

ಐದನೇ ರಾತ್ರಿ ಎರಡು ಗಂಟೆಗೆ ಸಿಸ್ಟರ್ ಡ್ರೇನ್ ನೋಡಿದವರು ಮತ್ತೊಮ್ಮೆ ಬಗ್ಗಿ ನೋಡಿದರು. ಬಣ್ಣ ಬದಲಾಗಿತ್ತು, ನಾಡಿ ಏರಿತ್ತು. ಕಾಕಾ ನಿದ್ದೆಯಲ್ಲಿದ್ದ, ನಾನು ಮೊಬೈಲ್‌ನಲ್ಲಿದ್ದೆ. ಅವರು ಡಾಕ್ಟರನ್ನು ಎಬ್ಬಿಸಿದರು. ಸಿಟಿ ಸ್ಕ್ಯಾನ್ ಆಯ್ತು, ಇನ್ನೊಂದು ನಳಿಗೆ ಹಾಕಿದರು. ಮತ್ತೆ ಹೊಟ್ಟೆ ಕೊಯ್ಯುವ ಪ್ರಸಂಗ ಬರಲಿಲ್ಲ.

ಈಗ ಕಾಕಾ ಊಟದ ಜೊತೆ ಎನ್‌ಝೈಮ್ ಗುಳಿಗೆ ನುಂಗಿ, ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ತಿಂತಾನೆ. ಊರವರು ಕೇಳಿದರೆ ಡಾಕ್ಟರ್ ಹೆಸರು ಹೇಳಿ, ಆಮೇಲೆ ಸುಮ್ಮನಾಗ್ತಾನೆ. “ಆ ರಾತ್ರಿ ಬಂದಾಕಿ ಹೆಸ್ರ ಏನೋ ತಮ್ಮಾ?”

ನಾನೂ ಕೇಳಿರಲಿಲ್ಲ.