ಮೈಯ ಬಣ್ಣ, ಮನದ ಬಣ್ಣ

ಗದಗಿನ ನೆರೆಯ ಮುಳಗುಂದವೆಂದ ಕೂಡಲೆ ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ನೆನಪಾಗುವವನು ನಯಸೇನ. ಅವನು ‘ಧರ್ಮಾಮೃತ’ವನ್ನು 1112ರಲ್ಲಿ ಬರೆದುದು ಈ ಊರಲ್ಲಿ. ಅದಕ್ಕೂ ಮುಂಚೆ, 1047ರಲ್ಲಿ, ಮಲ್ಲಿಷೇಣನು ತನ್ನ ಸಂಸ್ಕೃತ ಮಹಾಪುರಾಣವನ್ನು ಪೂರೈಸಿದುದೂ ಇಲ್ಲಿಯೇ. ಇನ್ನೂ ಹಿಂದಕ್ಕೆ ಸರಿದರೆ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದ, ಶಕವರ್ಷ 824ರ ಶಾಸನವೊಂದು ಇಲ್ಲಿಯ ಜಿನಾಲಯಕ್ಕೆ ಬಿಟ್ಟ ದತ್ತಿಯನ್ನು ಹೇಳುತ್ತದೆ. ಎರಡು ಶತಮಾನಕ್ಕೂ ಮಿಕ್ಕು ಜೈನವಿದ್ಯೆ ನೆಲೆಯೂರಿದ್ದ ಸ್ಥಳವಿದು. ಇಂಥ ಊರಿಗೂ ನಮ್ಮ ತೊಗಲಿನ ಬಣ್ಣಕ್ಕೂ ಏನು ನಂಟು ಎಂದು ಓದುಗರು ಕೇಳಬಹುದು. ನಂಟು ಉಂಟು, ಅದು ‘ಲೇಶ್ಯೆ’ ಎಂಬ ಒಂದು ಪಾರಿಭಾಷಿಕ ಶಬ್ದದಲ್ಲಿ ಅಡಗಿದೆ.

ಕೃಷ್ಣ, ನೀಲ, ಕಾಪೋತ, ಪೀತ, ಪದ್ಮ, ಶುಕ್ಲ ಎಂದು ಜೈನರು ಲೇಶ್ಯೆಗಳನ್ನು ಆರು ಬಗೆಯಾಗಿ ಎಣಿಸಿದರು. ಇವು ಜೀವದ ಬಣ್ಣಗಳು. ಇಲ್ಲಿಯೂ ಕಪ್ಪು ಕೆಳಗೆ, ಬಿಳುಪು ಮೇಲೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಆ ಶಾಸ್ತ್ರಕಾರರು ಒಂದು ಎಚ್ಚರವನ್ನು ವಹಿಸಿದರು. ಚಾವುಂಡರಾಯನ ಗುರು ನೇಮಿಚಂದ್ರನು ಹತ್ತನೆಯ ಶತಮಾನದಲ್ಲಿ ರಚಿಸಿದ ‘ಗೊಮ್ಮಟಸಾರ’ದಲ್ಲಿ ದ್ರವ್ಯಲೇಶ್ಯೆ ಬೇರೆ, ಭಾವಲೇಶ್ಯೆ ಬೇರೆ. ದ್ರವ್ಯಲೇಶ್ಯೆ ಮೈಯ ಬಣ್ಣ. ಅದು ನಾಮಕರ್ಮದ ಫಲ. ಭಾವಲೇಶ್ಯೆ ಕೋಪ ಲೋಭಾದಿ ಕಷಾಯಗಳಿಂದ ಮನಸ್ಸಿಗೆ ಏರುವ ಬಣ್ಣ. ನಾಮಕರ್ಮವೋ ‘ಅಘಾತಿ’ ವರ್ಗದ್ದು, ಎಂದರೆ ಆತ್ಮನ ಸಹಜಗುಣಗಳಿಗೆ ಅದರಿಂದ ಕೇಡಿಲ್ಲ. ಕೇಶವಣ್ಣನು 1359ರಲ್ಲಿ ಈ ಗ್ರಂಥಕ್ಕೆ ಕನ್ನಡದಲ್ಲಿ ವೃತ್ತಿಯನ್ನು ಬರೆದನು. ತೊಗಲಿನ ಬಣ್ಣ ನೋಡಿ ಒಳಗಿನ ಮನುಷ್ಯನನ್ನು ಅಳೆಯಲಾಗದೆಂಬ ಮಾತು ನಮ್ಮ ನಾಡಿಗೆ ಹೊಸದಲ್ಲ ಎನ್ನಲು ಇಷ್ಟು ಸಾಕು.

ಹಾಗಿದ್ದೂ ಲೋಕ ಅಳೆಯುವುದನ್ನು ಬಿಡಲಿಲ್ಲ. ಹೆಣ್ಣು ನೋಡಲು ಬಂದವರು ‘ಬಣ್ಣ ತುಸು ಕಡಿಮೆ’ ಎಂದು ಎದ್ದುಹೋಗುವುದು ನಮ್ಮ ಮನೆಗಳ ನಿತ್ಯದ ಕಥೆ. ಬಿಳುಪಿನ ಮೇಲೆ ಇಷ್ಟು ಆಸೆಯಿರುವ ಜನವೇ, ಅದೇ ಬಿಳುಪು ತುಟಿಯಂಚಿನಲ್ಲಿ ಕಾಸಿನಗಲ ಮೂಡಿತೆಂದರೆ ಹೌಹಾರುತ್ತಾರೆ. ಅದು ತೊನ್ನು. ಒಬ್ಬರಿಗೆ ತೊನ್ನು ಬಂದರೆ ಅವರ ತಂಗಿಯ ಮದುವೆಯೂ ನಿಲ್ಲುತ್ತದೆ. ಏಕೆ? ತೊನ್ನಿಗೆ ಜನ ಕೊಟ್ಟ ಇನ್ನೊಂದು ಹೆಸರು ‘ಬಿಳಿ ಕುಷ್ಠ’. ಹೆಸರೊಂದೇ ಸಾಕು, ಉಳಿದುದನ್ನು ಭಯ ಮಾಡುತ್ತದೆ.

ಈ ಹೆಸರಿನ ಬೇರು ಬಹಳ ಹಳೆಯದು. ಬಿಳಿ ಕಲೆಗೆ ಮದ್ದು ಹೇಳುವ ಸೂಕ್ತಗಳು ಅಥರ್ವವೇದದಲ್ಲಿಯೇ ಉಂಟು. ಚರಕಸಂಹಿತೆಯು ಇದರ ಕಾರಣಗಳಲ್ಲಿ ವಿರುದ್ಧಾಹಾರದೊಡನೆ ಸುಳ್ಳು, ಕೃತಘ್ನತೆ, ಗುರುನಿಂದೆ, ಪೂರ್ವಕರ್ಮಗಳನ್ನೂ ಸೇರಿಸಿತು. ರೋಗಿಯ ಮೇಲೆ ನೀತಿಗೆಟ್ಟವನೆಂಬ ಮುದ್ರೆ ಬಿದ್ದುದು ಹೀಗೆ. ಸುಶ್ರುತನು ಇದನ್ನು ಕುಷ್ಠದ ಗುಂಪಿನಲ್ಲಿಯೇ ಇಟ್ಟರೂ ಭೇದವನ್ನು ಸ್ಪಷ್ಟವಾಗಿ ಹೇಳಿದ್ದಾನೆ: ಇದು ತೊಗಲನ್ನು ದಾಟಿ ಒಳಕ್ಕೆ ಹೋಗುವುದಿಲ್ಲ, ಸೋರುವುದೂ ಇಲ್ಲ. ಜನ ಗುಂಪಿನ ಹೆಸರನ್ನು ಹಿಡಿದುಕೊಂಡರು, ಭೇದವನ್ನು ಮರೆತರು.

ಬಣ್ಣ ಎಲ್ಲಿರುತ್ತದೆ ಎಂಬ ಪ್ರಶ್ನೆಗೆ ಕತ್ತಿ ಹಿಡಿದು ಉತ್ತರ ಹುಡುಕಿದವರಲ್ಲಿ ಇಟಲಿಯ ಮಾಲ್ಪೀಗಿ ಒಬ್ಬ. ಹದಿನೇಳನೆಯ ಶತಮಾನದಲ್ಲಿ ಆತ, ಕಪ್ಪು ಬಣ್ಣವಿರುವುದು ಹೊರತೊಗಲಿನ ತೆಳುಪದರದ ಕೆಳಗೆ ಎಂದು ತೋರಿಸಿದ. 1917ರಲ್ಲಿ ಸ್ವಿಟ್ಸರ್ಲೆಂಡಿನ ಬ್ಲಾಖ್ ತೊಗಲಿನ ಚೂರುಗಳನ್ನು ‘ಡೋಪಾ’ ಎಂಬ ದ್ರವ್ಯದಲ್ಲಿ ನೆನೆಯಿಟ್ಟಾಗ ಕೆಲವು ಜೀವಕೋಶಗಳು ಮಾತ್ರ ಕಪ್ಪಾದುವು. ಅವೇ ವರ್ಣಕೋಶಗಳು. ಅವುಗಳಲ್ಲಿರುವ ಟೈರೋಸಿನೇಸ್ ಎಂಬ ಕಿಣ್ವದಿಂದ ‘ಮೆಲನಿನ್’ ಎಂಬ ಕರಿಬಣ್ಣ ಹುಟ್ಟುತ್ತದೆ. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವುದನ್ನು ಕಾಣದ ಗೃಹಿಣಿಯಿಲ್ಲ. ಅಲ್ಲಿಯೂ ಇದರ ಸೋದರ ಕಿಣ್ವವೇ ಕೆಲಸ ಮಾಡುತ್ತದೆ.

ಈ ಕೋಶಗಳ ಸಂಸಾರ ಸ್ವಾರಸ್ಯವಾದುದು. ಗರ್ಭದಲ್ಲಿ ಇವು ಹುಟ್ಟುವುದು ನರಮಂಡಲದ ಅಂಚಿನಲ್ಲಿ. ಅಲ್ಲಿಂದ ಪಯಣ ಹೊರಟು ತೊಗಲಿಗೆ ಬಂದು ನೆಲಸುತ್ತವೆ. ಒಂದೊಂದು ವರ್ಣಕೋಶವೂ ನೆರೆಯ ಸುಮಾರು 36 ಕೋಶಗಳಿಗೆ ಬಣ್ಣದ ಕಣಗಳನ್ನು ಹಂಚುತ್ತದೆ. ಆ ಕಣಗಳು ಕೋಶದ ನಡುವಿನ ಬೀಜದ ಮೇಲೆ ಕೊಡೆಯಂತೆ ಕುಳಿತು ಬಿಸಿಲನ್ನು ತಡೆಯುತ್ತವೆ. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಕರಿಯರಲ್ಲಿಯೂ ಬಿಳಿಯರಲ್ಲಿಯೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಕಣಗಳ ಗಾತ್ರ, ಪ್ರಮಾಣ, ಬಗೆಗಳಲ್ಲಿ ಮಾತ್ರ ವ್ಯತ್ಯಾಸ. ಇಷ್ಟು ಸಣ್ಣ ಅಂತರದ ಮೇಲೆ ಜಗತ್ತು ದಾಸ್ಯವನ್ನೂ ಸಾಮ್ರಾಜ್ಯಗಳನ್ನೂ ಕಟ್ಟಿತು.

ತೊನ್ನಿನಲ್ಲಿ ಆಗುವುದಿಷ್ಟೆ: ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿತಪ್ಪಿ ಈ ವರ್ಣಕೋಶಗಳನ್ನು ಕೊಲ್ಲುತ್ತದೆ. ಇದು ಮುಟ್ಟಿದರೆ ಅಂಟುವುದಿಲ್ಲ. ಕುಷ್ಠವಾದರೋ ಕ್ರಿಮಿಯಿಂದ ಬರುವುದೆಂದು ನಾರ್ವೆಯ ಹ್ಯಾನ್ಸನ್ 1873ರಲ್ಲಿಯೇ ಕಂಡುಹಿಡಿದ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕುಂದುತ್ತದೆ, ತೊನ್ನಿನ ಕಲೆಯಲ್ಲಿ ಕುಂದುವುದಿಲ್ಲ. ಕುಷ್ಠಕ್ಕೂ ಇಂದು ಪೂರ್ಣ ಗುಣವಾಗುವ ಔಷಧವಿದೆ. ಅದು ವಿಚ್ಛೇದನಕ್ಕೆ ಕಾರಣವೆಂಬ ವಿಧಿಯನ್ನು 2019ರಲ್ಲಿ ಶಾಸನದಿಂದಲೇ ತೆಗೆದುಹಾಕಿದ್ದಾರೆ. ಕುಷ್ಠವನ್ನೇ ಶಾಸನ ಕ್ಷಮಿಸಿರುವಾಗ, ಕುಷ್ಠವೇ ಅಲ್ಲದ ತೊನ್ನಿಗೆ ನಾವು ಏಕೆ ಶಿಕ್ಷೆ ಕೊಡುತ್ತಿದ್ದೇವೆ? ಔಷಧದ ವಿಷಯದಲ್ಲಿ ನಮ್ಮ ಹಿರಿಯರು ಬರಿಗೈಯವರಾಗಿರಲಿಲ್ಲ. ಬಾವಂಚಿ ಬೀಜವನ್ನು ಲೇಪಿಸಿ ಬಿಸಿಲಿಗೆ ಕೂರಿಸುತ್ತಿದ್ದರು. ಆ ಬೀಜದಲ್ಲಿ ಬಿಸಿಲಿನ ಪರಿಣಾಮವನ್ನು ಹೆಚ್ಚಿಸುವ ಸೋರಲೆನ್ ಇದೆ. ಈಜಿಪ್ಟಿನ ಎಲ್ ಮೊಫ್ತಿ 1940ರ ದಶಕದಲ್ಲಿ ಬೇರೊಂದು ಗಿಡದ ಇದೇ ಜಾತಿಯ ದ್ರವ್ಯದಿಂದ ತೊನ್ನಿಗೆ ಚಿಕಿತ್ಸೆ ನಡೆಸಿದ. ಆದರೆ ಅಳತೆ ತಪ್ಪಿದರೆ ತೊಗಲು ಸುಡುತ್ತದೆ; ವೈದ್ಯರ ಕಣ್ಣಳತೆಯಲ್ಲಿಯೇ ಇದು ನಡೆಯಬೇಕು.

ವರ್ಣಕೋಶ ಸತ್ತರೆ ತೊನ್ನು. ಅದೇ ಕೋಶ ಅಂಕೆಮೀರಿ ಬೆಳೆದರೆ ಮಾರಿ. ಲಂಡನ್ನಿನ ಜಾನ್ ಹಂಟರ್ 1787ರಲ್ಲಿ ಒಬ್ಬನ ದವಡೆಯ ಹಿಂದಿನ ಗಡ್ಡೆಯನ್ನು ಕೊಯ್ದು ಸೀಸೆಯಲ್ಲಿಟ್ಟ. ಅದೇನೆಂಬುದು 1968ರಲ್ಲಿ ಸೂಕ್ಷ್ಮದರ್ಶಕದಡಿ ಖಚಿತವಾಯಿತು. ಸ್ಟೆತಾಸ್ಕೋಪಿನ ಜನಕ ಲಾನೆಕ್ 1806ರಲ್ಲಿ ಈ ರೋಗವನ್ನು ವರ್ಣಿಸಿದ. ‘ಮೆಲನೋಮಾ’ ಎಂಬ ಹೆಸರನ್ನಿಟ್ಟವನು 1838ರಲ್ಲಿ ಕಾರ್ಸ್‌ವೆಲ್. ಬಿಳಿತೊಗಲಿನವರಲ್ಲಿ ಇದಕ್ಕೆ ಬಿಸಿಲು ಮುಖ್ಯ ಕಾರಣ. ನಮ್ಮಲ್ಲಿ ಇದು ವಿರಳ. ಬಂದರೆ ಹೆಚ್ಚಾಗಿ ಬಿಸಿಲು ಕಾಣದ ಅಂಗಾಲಿನಲ್ಲಿ, ಉಗುರಿನಡಿಯಲ್ಲಿ, ಬಾಯೊಳಗೆ. ಎರೆಹೊಲದಲ್ಲಿ ಬರಿಗಾಲಲ್ಲಿ ದುಡಿಯುವವರು ಅಂಗಾಲಿನ ಕರಿಗಂಟನ್ನು ಮುಳ್ಳಿನ ಗಾಯವೆಂದು ತಿಳಿದು ಸುಮ್ಮನಿರುವುದು ಸುಲಭ. ಹಿಗ್ಗುವ, ಆಕಾರ ಬದಲಿಸುವ, ರಕ್ತ ಒಸರುವ ಮಚ್ಚೆಯನ್ನು, ಉಗುರಿನಲ್ಲಿ ಹೊಸತಾಗಿ ಮೂಡಿದ ಕರಿಗೆರೆಯನ್ನು ಕೂಡಲೆ ವೈದ್ಯರಿಗೆ ತೋರಿಸಬೇಕು. ಆರಂಭದಲ್ಲಿ ಕೊಯ್ದು ತೆಗೆದರೆ ಬದುಕುವ ಆಸೆ ದೊಡ್ಡದು.

ಇತ್ತೀಚಿನ ಸಂಶೋಧನೆ ಈ ಎರಡು ಕಥೆಗಳನ್ನೂ ಒಂದೆಡೆ ತಂದಿದೆ. ಮೈಯ ನಿರೋಧಕ ಶಕ್ತಿಗೆ ಹಾಕಿರುವ ಕಡಿವಾಣವನ್ನು ಸಡಿಲಿಸಿ ಅರ್ಬುದದ ಮೇಲೆ ಬಿಡುವ ಔಷಧಗಳು 2011ರಿಂದ ಬಳಕೆಗೆ ಬಂದುವು. ಈ ಚಿಕಿತ್ಸೆಗೆ ತಳಹದಿ ಹಾಕಿದ ಆ್ಯಲಿಸನ್ ಮತ್ತು ಹೊಂಜೊ ಅವರಿಗೆ 2018ರ ನೊಬೆಲ್ ಪಾರಿತೋಷಕ ಸಂದಿತು. ಈ ಔಷಧ ಪಡೆದ ಕೆಲವು ಮೆಲನೋಮಾ ರೋಗಿಗಳ ಮೈಮೇಲೆ ತೊನ್ನಿನಂಥ ಬಿಳಿ ಕಲೆಗಳು ಏಳುತ್ತವೆ. ಅಂಥವರು ಉಳಿದವರಿಗಿಂತ ಹೆಚ್ಚು ಕಾಲ ಬದುಕುವರೆಂದು ವೈದ್ಯರು ಕಂಡಿದ್ದಾರೆ. ವರ್ಣಕೋಶದ ಮೇಲೆ ಬಿದ್ದ ಸೇನೆಯೇ ಅರ್ಬುದದ ಮೇಲೂ ಬಿದ್ದಿರುತ್ತದೆ. ನಾವು ಶಾಪವೆಂದು ಕರೆದ ಕಲೆಯನ್ನು ಆಸ್ಪತ್ರೆಯ ಹಾಸಿಗೆಯ ಬಳಿ ನಿಂತವರು ಒಳ್ಳೆಯ ಶಕುನವೆಂದು ನೋಡುತ್ತಿದ್ದಾರೆ.

ಶಾಸ್ತ್ರಕಾರರು ನಾಮಕರ್ಮವೆಂದುದನ್ನು ಇಂದಿನವರು ಕಿಣ್ವವೆಂದೂ ಕಣವೆಂದೂ ವಿವರಿಸುತ್ತಾರೆ. ಎರಡು ವಿವರಣೆಗಳೂ ಒಂದೇ ಎಂದು ನಾನು ಸಾಧಿಸಹೊರಟಿಲ್ಲ. ಆದರೆ ಮೈಯ ಬಣ್ಣ ಯಾರ ತಪ್ಪೂ ಅಲ್ಲವೆಂಬುದರಲ್ಲಿ ಎರಡಕ್ಕೂ ಭಿನ್ನಮತವಿಲ್ಲ. ತೊನ್ನು ಕಂಡು ಮದುವೆಯ ಮಾತು ಮುರಿದು ಏಳುವವರು ತಮ್ಮ ಭಾವಲೇಶ್ಯೆಯ ಬಣ್ಣ ಯಾವುದೆಂದು ಒಮ್ಮೆ ನೋಡಿಕೊಳ್ಳಲಿ.