ಕಂಚಿನ ನಾಣ್ಯವೂ ಅದು ಮಲಗಿದ್ದ ಮಣ್ಣೂ

ರೋಮ್ ಸಾಮ್ರಾಜ್ಯದ ಚಿನ್ನದ ನಾಣ್ಯಗಳು ಸಿರಿವಂತರ ಪೆಟ್ಟಿಗೆ ಸೇರಿದವು. ಕಂಚಿನ ನಾಣ್ಯ ಮಾತ್ರ ರೊಟ್ಟಿ ಕೊಳ್ಳುವವರ, ಕೂಲಿಯವರ, ಸಿಪಾಯಿಗಳ ಕೈಯಲ್ಲಿ ತಿರುಗಿ ಸವೆಯಿತು. ಬಡವರ ಕೈಬೆವರು ಹತ್ತಿದ ಚರಿತ್ರೆ ಇದು.

ಹಳೆಯ ನಾಣ್ಯ ಕೂಡಿಡುವ ಹವ್ಯಾಸ ಒಂದು ಕಾಲಕ್ಕೆ ದೊಡ್ಡವರ ಸೊತ್ತು. ಇಟಲಿಯ ಕವಿ ಪೆಟ್ರಾರ್ಕ್ 1354ರಲ್ಲಿ ನಾಲ್ಕನೆಯ ಚಾರ್ಲ್ಸ್ ದೊರೆಗೆ ರೋಮನ್ ನಾಣ್ಯಗಳನ್ನು ಉಡುಗೊರೆ ಕೊಟ್ಟ. ಅದರಲ್ಲಿದ್ದ ಹಿರಿಯರಂತೆ ಆಳು ಎಂಬುದು ಅವನ ಆಶಯ. ಇಂದು ಯುರೋಪಿನಲ್ಲಿ ಸಾಮಾನ್ಯ ಸಂಬಳದವರೂ ಕಂಚಿನ ನಾಣ್ಯ ಕೊಳ್ಳಬಲ್ಲರು. ಮಣ್ಣು ಮೆತ್ತಿಕೊಂಡ ನಾಣ್ಯಗಳು ರಾಶಿಯಾಗಿ ಮಾರಾಟಕ್ಕೆ ಬರುತ್ತವೆ. ಆದರೆ ಅವು ಯಾವ ನೆಲದಲ್ಲಿ, ಯಾವುದರ ಜೊತೆ ಸಿಕ್ಕವು ಎಂದು ಹೇಳುವವರು ವಿರಳ. ಹಾಗೆ ಹೇಳದೆ ಹೋದರೆ ಕಳೆದುಕೊಳ್ಳುವುದೇನು?

ಇಂಗ್ಲೆಂಡಿನ ಸೋಮರ್ಸೆಟ್ ಪ್ರಾಂತ್ಯದ ಫ್ರೋಮ್ ಊರಿನ ಬಳಿ ಇದಕ್ಕೆ ಉತ್ತರವಿದೆ. 2010ರ ಏಪ್ರಿಲ್‌ನಲ್ಲಿ, ಆಸ್ಪತ್ರೆಯಲ್ಲಿ ಅಡುಗೆ ಮಾಡುತ್ತಿದ್ದ ಒಬ್ಬ ಹವ್ಯಾಸಿ ಲೋಹಶೋಧಕ ಯಂತ್ರ ಹಿಡಿದು ಹೊಲದಲ್ಲಿ ಅಡ್ಡಾಡುತ್ತಿದ್ದ. ಅಗೆದಾಗ ನಾಣ್ಯಗಳು ಸಿಕ್ಕವು, ಅವುಗಳ ಕೆಳಗೆ ಮಡಕೆಯ ಬಾಯಿ ಕಂಡಿತು. ಆತ ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿದ. ಗುಂಡಿ ಮುಚ್ಚಿ ತಿಳಿದವರಿಗೆ ಸುದ್ದಿ ಮುಟ್ಟಿಸಿದ.

ಪುರಾತತ್ವಜ್ಞರು ಬಂದು ಪದರ ಪದರವಾಗಿ ತೆಗೆದಾಗ ಒಂದೇ ಮಡಕೆಯಲ್ಲಿ 52,503 ನಾಣ್ಯಗಳಿದ್ದವು. ಸುಮಾರು 160 ಕಿಲೋ ತೂಕ. ಹೆಚ್ಚಿನವು ಮೂರನೆಯ ಶತಮಾನದವು. 215ರಲ್ಲಿ ಈ ಬಗೆಯ ನಾಣ್ಯ ಹೊರಟಾಗ ಅದರಲ್ಲಿ ಅರ್ಧದಷ್ಟು ಬೆಳ್ಳಿಯಿತ್ತು. 270ರ ಹೊತ್ತಿಗೆ ಅದು ನೂರಕ್ಕೆ ಎರಡು ಮೂರು ಪಾಲಿಗೆ ಇಳಿದಿತ್ತು. ಯುದ್ಧದ ಖರ್ಚಿಗೆ ದೊರೆಗಳು ಬೆಳ್ಳಿ ಕದ್ದರು, ಬೆಲೆಯೇರಿಕೆಯ ಭಾರ ಪ್ರಜೆಗಳ ತಲೆಗೆ ಬಿತ್ತು.

ಮಡಕೆಯಲ್ಲಿ ಕರಾಸಿಯಸ್‌ನ ನಾಣ್ಯಗಳೂ ನೂರಾರಿದ್ದವು. ರೋಮಿನ ನೌಕಾಧಿಕಾರಿಯಾಗಿದ್ದ ಈತ 286ರಲ್ಲಿ ಬಂಡೆದ್ದು ಬ್ರಿಟನ್ನನ್ನು ಆಳಿದ. ಯುದ್ಧದ ನಡುವೆಯೂ ತನ್ನ ನಾಣ್ಯಗಳಲ್ಲಿ ಶಾಂತಿದೇವತೆಯನ್ನು ಅಚ್ಚೊತ್ತಿಸಿದ. ತನ್ನನ್ನು ಎಂದೂ ಒಪ್ಪದ ರೋಮಿನ ಇಬ್ಬರು ದೊರೆಗಳನ್ನು 'ಸಹೋದರರು' ಎಂದು ನಾಣ್ಯದಲ್ಲಿ ಕರೆದುಕೊಂಡ. 293ರಲ್ಲಿ ತನ್ನದೇ ಮಂತ್ರಿಯಿಂದ ಕೊಲೆಯಾದ. ಅವನ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹಳಷ್ಟು ನಾಣ್ಯಗಳಿಂದಲೇ.

ಮಡಕೆಯಲ್ಲಿ ಎಲ್ಲಕ್ಕಿಂತ ಹೊಸದಾದ ಈ ನಾಣ್ಯಗಳಲ್ಲಿ ಬಹುಪಾಲು ಮೇಲಿರಲಿಲ್ಲ, ಆಳದಲ್ಲಿದ್ದವು. ವರ್ಷ ವರ್ಷ ಕೂಡಿಟ್ಟ ಗಂಟಾಗಿದ್ದರೆ ಹೊಸವು ಮೇಲಿರಬೇಕಿತ್ತು. ಹಾಗಾಗಿ ಎಲ್ಲವನ್ನೂ ಒಂದೇ ಸಲ ಸುರಿದಿದ್ದಾರೆ ಎಂದು ಗೊತ್ತಾಯಿತು. ಆ ತೆಳು ಮಡಕೆಯನ್ನು ತುಂಬಿದ ಮೇಲೆ ಎತ್ತುವಂತಿರಲಿಲ್ಲ. ಬಹುಶಃ ಇದು ಒಂದು ಸಮುದಾಯ ದೇವರಿಗೆ ಸಲ್ಲಿಸಿದ ಕಾಣಿಕೆ ಎಂದು ವಿದ್ವಾಂಸರು ಊಹಿಸಿದರು.

ಆತ ಆಸೆಬುರುಕನಾಗಿ ಎಲ್ಲವನ್ನೂ ಚೀಲಕ್ಕೆ ತುಂಬಿದ್ದರೆ ನಾಣ್ಯಗಳು ಉಳಿಯುತ್ತಿದ್ದವು, ಈ ಕತೆ ಉಳಿಯುತ್ತಿರಲಿಲ್ಲ. ಅಲ್ಲಿನ ಕಾನೂನು ಅವನ ಕೈಬಿಡಲಿಲ್ಲ. ಸೋಮರ್ಸೆಟ್‌ನ ವಸ್ತುಸಂಗ್ರಹಾಲಯ 3,20,250 ಪೌಂಡ್‌ಗೆ ನಿಧಿಯನ್ನು ಕೊಂಡಿತು. ಹಣ ಕಂಡುಹಿಡಿದವನಿಗೂ ಹೊಲದ ಒಡೆಯರಿಗೂ ಹಂಚಿಕೆಯಾಯಿತು.

ನಾಣ್ಯ ಕೊಳ್ಳುವವರು ಇದು ಯಾವ ದೊರೆಯದು ಎಂದು ಕೇಳುತ್ತಾರೆ. ಯಾವ ಹೊಲದ್ದು, ಯಾರು ತೆಗೆದರು ಎಂದೂ ಕೇಳಬೇಕು. ಉತ್ತರ ಸಿಗದಿದ್ದರೆ ಕೊಳ್ಳದೆ ಬರುವುದೇ ಲೇಸು.