ಮೊದಲ ಐದು ದಿನಗಳು

ಪೆನಿಸಿಲಿನ್ ಬರುವ ಮೊದಲು ನ್ಯುಮೋನಿಯಾ ತಗಲಿದ ಮನೆಯಲ್ಲಿ ಬಂಧುಗಳು ರೋಗಿಯ ಹಾಸಿಗೆಯ ಸುತ್ತ ಕುಳಿತು ಕಾಯುವುದನ್ನು ಬಿಟ್ಟು ಹೆಚ್ಚೇನೂ ಮಾಡುವಂತಿರಲಿಲ್ಲ. 1940ರ ದಶಕದಲ್ಲಿ ಈ ಔಷಧ ಆಸ್ಪತ್ರೆಗಳನ್ನು ತಲುಪಿದಾಗ ಆ ಭಯ ಕರಗಿತು. ಅದೇ ದಶಕದ ಕೊನೆಗೆ ಅಮೆರಿಕದಲ್ಲಿ ಸಿದ್ಧವಾಗಿದ್ದ ನ್ಯುಮೊಕಾಕಸ್ ಲಸಿಕೆಯನ್ನು ಕೇಳುವವರಿಲ್ಲದೆ, ತಯಾರಕರೇ ಮುಂದೆ ಅದನ್ನು ಹಿಂತೆಗೆದುಕೊಂಡರು. ಔಷಧವಿರುವಾಗ ಲಸಿಕೆಯೇಕೆ ಎಂಬುದು ಅಂದಿನ ಭಾವನೆಯಾಗಿತ್ತು.

ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿರುವ ಕಿಂಗ್ಸ್ ಕೌಂಟಿ ಆಸ್ಪತ್ರೆಯ ವೈದ್ಯ ರಾಬರ್ಟ್ ಆಸ್ಟ್ರಿಯನ್ ಕಂಡ ಚಿತ್ರವೇ ಬೇರೆ. 1952ರಿಂದ ಹತ್ತು ವರ್ಷಗಳ ಕಾಲ ಅಲ್ಲಿಗೆ ಬಂದ ರೋಗಿಗಳನ್ನು ತಾಳ್ಮೆಯಿಂದ ಗಮನಿಸಿದ ಅವರು, ಸಹೋದ್ಯೋಗಿ ಜೆರೋಮ್ ಗೋಲ್ಡ್ ಅವರೊಡನೆ 1964ರಲ್ಲಿ ಅಧ್ಯಯನವನ್ನು ಪ್ರಕಟಿಸಿದರು. ರೋಗಾಣು ರಕ್ತವನ್ನು ಸೇರಿದ್ದವರಲ್ಲಿ, ಪೆನಿಸಿಲಿನ್ ಪಡೆದಿದ್ದರೂ ನೂರಕ್ಕೆ ಸುಮಾರು 17 ಮಂದಿ ಸಾವಿಗೀಡಾಗಿದ್ದರು. ಇಳಿವಯಸ್ಸಿನವರಿಗೂ ಮೊದಲೇ ದೀರ್ಘಕಾಲದ ಕಾಯಿಲೆಯಿದ್ದವರಿಗೂ ಅಪಾಯ ಹೆಚ್ಚಾಗಿತ್ತು. ಇದಕ್ಕಿಂತಲೂ ಮನಕಲಕುವ ಸಂಗತಿ ಇನ್ನೊಂದಿತ್ತು: ಕಾಯಿಲೆ ಆರಂಭವಾದ ಮೊದಲ ಐದು ದಿನಗಳಲ್ಲಿ ಸಂಭವಿಸುತ್ತಿದ್ದ ಸಾವುಗಳನ್ನು ಔಷಧ ಬಹುಮಟ್ಟಿಗೆ ತಡೆದಿರಲಿಲ್ಲ. ರೋಗಾಣುವನ್ನು ಅದು ಕೊಲ್ಲಬಲ್ಲದು. ಅಷ್ಟರಲ್ಲಿ ದೇಹಕ್ಕೆ ಆಗಿಹೋದ ಹಾನಿಯನ್ನು ಅಳಿಸಲಾರದು.

ಹಾಗಾದರೆ ರೋಗ ಬಾರದಂತೆ ತಡೆಯುವುದೇ ದಾರಿ ಎಂದು ಆಸ್ಟ್ರಿಯನ್ ಮರಳಿ ಲಸಿಕೆಯತ್ತ ಹೊರಳಿದರು. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಿಗೆ ಹೊಸದಾಗಿ ಸೇರುತ್ತಿದ್ದ ಕಾರ್ಮಿಕರನ್ನು ನ್ಯುಮೋನಿಯಾ ಬಹುವಾಗಿ ಕಾಡುತ್ತಿತ್ತು. 1970ರ ದಶಕದಲ್ಲಿ ಅವರ ನಡುವೆ ನಡೆದ ಪರೀಕ್ಷೆಗಳು ಫಲ ನೀಡಿದವು. 1977ರಲ್ಲಿ, ನ್ಯುಮೊಕಾಕಸ್‌ನ 14 ಬಗೆಗಳನ್ನು ಎದುರಿಸುವ ಲಸಿಕೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಮಕ್ಕಳ ನ್ಯುಮೊಕಾಕಸ್ ಲಸಿಕೆ 2017ರಲ್ಲಿ ಸೇರಿತು. 2021ರಲ್ಲಿ ದೇಶದಾದ್ಯಂತ ವಿಸ್ತರಿಸಿತು.

ಆಸ್ಪತ್ರೆಗೆ ಬಂದವರಲ್ಲಿ ಯಾರ ಜೀವ ಹೆಚ್ಚು ಅಪಾಯದಲ್ಲಿದೆಯೆಂದು ಬೇಗನೆ ಅರಿಯುವ ಯತ್ನವೂ ನಿಲ್ಲಲಿಲ್ಲ. 2003ರಲ್ಲಿ ಬ್ರಿಟನ್, ನ್ಯೂಜಿಲೆಂಡ್ ಮತ್ತು ನೆದರ್ಲೆಂಡ್ಸ್‌ನ ರೋಗಿಗಳ ಅಧ್ಯಯನದಿಂದ ಐದು ಗುರುತುಗಳು ಹೊರಬಂದವು: ಹೊಸದಾಗಿ ತಲೆದೋರಿದ ಮನಸ್ಸಿನ ಗೊಂದಲ, ರಕ್ತದಲ್ಲಿ ಯೂರಿಯಾದ ಏರಿಕೆ, ನಿಮಿಷಕ್ಕೆ 30 ಅಥವಾ ಅದಕ್ಕೂ ಹೆಚ್ಚು ಉಸಿರಾಟ, ಕುಸಿದ ರಕ್ತದೊತ್ತಡ, 65 ಅಥವಾ ಅದಕ್ಕೆ ಮೀರಿದ ವಯಸ್ಸು.

ಇವುಗಳಲ್ಲಿ ಗೊಂದಲ ಮತ್ತು ಉಸಿರಿನ ವೇಗವನ್ನು ಕಾಣಲು ಪ್ರಯೋಗಾಲಯ ಬೇಕಿಲ್ಲ. ಪಕ್ಕದಲ್ಲಿ ಕುಳಿತ ಮಗಳೂ ಗುರುತಿಸಬಲ್ಲಳು. ವೃದ್ಧರಲ್ಲಿ ಕೆಲವೊಮ್ಮೆ ಜ್ವರವೇ ಕಾಣಿಸುವುದಿಲ್ಲ. ಕೆಮ್ಮುತ್ತಿರುವ ಅಜ್ಜ ಇದ್ದಕ್ಕಿದ್ದಂತೆ ಮನೆಯವರ ಗುರುತು ತಪ್ಪಿದರೆ ಅದು ವಯಸ್ಸಿನ ಮರೆವೆಂದು ಸಮಾಧಾನಪಡದಿರೋಣ. ಬೆಳಗಾಗಲಿ ಎಂದು ಕಾಯದೆ, ಅಂದೇ ರಾತ್ರಿ ಆಸ್ಪತ್ರೆಗೆ ಕರೆದೊಯ್ಯೋಣ. ಆ ಐದು ದಿನಗಳಲ್ಲಿ ಒಂದೊಂದು ಗಂಟೆಗೂ ಬೆಲೆಯಿದೆ.